ವಿಆರ್ ಆಟ ತಡವರಿಸುತ್ತಿದೆಯಾ? ದುಡ್ಡು ಸುರಿಯುವ ಮೊದಲು ಮಿಲಿಸೆಕೆಂಡಿನ ಲೆಕ್ಕ ನೋಡಿ

ಹೋದ ತಿಂಗಳು ಕಾಸರಗೋಡಿನ ಬದಿಯಡ್ಕದ ಹತ್ತಿರ ಅಣ್ಣನ ಮನೆಗೆ ಹೋಗಿದ್ದೆ. ಅಣ್ಣನ ಮಗ ವಿಆರ್ ಹೆಡ್‌ಸೆಟ್ ತಂದಿದ್ದಾನೆ, ಕಣ್ಣಿಗೆ ಕಟ್ಟಿಕೊಂಡರೆ ಆಟದ ಲೋಕದೊಳಗೇ ಇದ್ದ ಹಾಗೆ ತೋರಿಸುವಂಥದ್ದು. ಅದನ್ನು ಲ್ಯಾಪ್‌ಟಾಪಿಗೆ ವೈಫೈಯಲ್ಲಿ ಜೋಡಿಸಿ ಕಾರ್ ರೇಸ್ ಆಡುತ್ತಾನೆ. ನಾನು ಹೋದ ದಿನ ಹತ್ತು ನಿಮಿಷ ಆಡಿದ್ದಷ್ಟೇ, ಹೆಡ್‌ಸೆಟ್ ತೆಗೆದಿಟ್ಟು ಜಗಲಿಯಲ್ಲಿ ಬಂದು ಕೂತ. "ಅಪ್ಪಚ್ಚಿ, ತಲೆ ತಿರುಗುತ್ತು" ಅಂದ. ಮುಖ ಬಾಡಿತ್ತು. ಗೆಳೆಯರೆಲ್ಲ ಸೇರಿ ಅವನಿಗೆ ಒಂದೇ ಮಾತು ಹೇಳಿದ್ದಾರೆ: ಗ್ರಾಫಿಕ್ಸ್ ಸಾಲುವುದಿಲ್ಲ, ಈ ಲ್ಯಾಪ್‌ಟಾಪ್ ಮಾರಿ ದೊಡ್ಡದು ತೆಗೆ. ಅಡಿಕೆ ಮಾರಿದ ದುಡ್ಡಿನಲ್ಲಿ ತೆಗೆಸಿಕೊಟ್ಟ ಲ್ಯಾಪ್‌ಟಾಪ್ ಅದು, ಒಂದೂವರೆ ವರ್ಷ ಕೂಡ ಆಗಿಲ್ಲ. ಅಪ್ಪನ ಹತ್ತಿರ ಮತ್ತೆ ಕೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ.

ಅವತ್ತು ಸಂಜೆ ನಾವಿಬ್ಬರೂ ಕೂತು ಒಂದೊಂದೇ ಅಳೆದು ನೋಡಿದೆವು. ನಮ್ಮ ಕಡೆ ಹುಡುಗರು ಇಂಥದ್ದನ್ನೆಲ್ಲ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ವಿಡಿಯೊ ನೋಡಿ ಕಲಿಯುತ್ತಾರೆ. ಕನ್ನಡದಲ್ಲೂ ಒಂದು ಕಡೆ ಸರಿಯಾಗಿ ಬರೆದಿಡಬೇಕು ಅನ್ನಿಸಿತು.

ಮೊದಲು ಒಂದು ಪ್ರಶ್ನೆ. ಮಾನಿಟರಿನಲ್ಲಿ ಆಡುವಾಗ 40 ಎಫ್‌ಪಿಎಸ್ (ಸೆಕೆಂಡಿಗೆ 40 ಚಿತ್ರ) ಬಂದರೂ ಹೇಗೋ ಸುಧಾರಿಸಿಕೊಳ್ಳುತ್ತೇವೆ. ವಿಆರ್‌ನಲ್ಲಿ ಯಾಕೆ ಆಗುವುದಿಲ್ಲ? ಮಾನಿಟರಿನಲ್ಲಿ ಅಲುಗಾಡುವುದು ಚಿತ್ರ ಮಾತ್ರ, ನಮ್ಮ ತಲೆ ನೆಟ್ಟಗೇ ಇರುತ್ತದೆ. ಹೆಡ್‌ಸೆಟ್ ಹಾಕಿದರೆ ತಲೆ ತಿರುಗಿಸಿದ ಕೂಡಲೇ ಎದುರಿನ ಲೋಕ ಅಷ್ಟೇ ತಿರುಗಬೇಕು. ಚಿತ್ರ ಒಂದು ಚೂರು ಹಿಂದೆ ಬಿದ್ದರೂ ಒಳಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಘಾಟಿ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಮೊಬೈಲ್ ನೋಡಿದಾಗ ಹೊಟ್ಟೆ ತೊಳಸುತ್ತದಲ್ಲ, ಅದೂ ಇದೇ ಜಗಳ.

ಇನ್ನು ಲೆಕ್ಕಕ್ಕೆ ಬರೋಣ. ಎಫ್‌ಪಿಎಸ್ ಅನ್ನುವುದನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಮಿಲಿಸೆಕೆಂಡಿನಲ್ಲಿ ಯೋಚಿಸಿ. ಹೆಡ್‌ಸೆಟ್ 90 ಹರ್ಟ್ಝ್‌ನಲ್ಲಿದ್ದರೆ, ಅಂದರೆ ಸೆಕೆಂಡಿಗೆ 90 ಸಲ ಚಿತ್ರ ಬದಲಿಸುತ್ತಿದ್ದರೆ, ಒಂದು ಚಿತ್ರ ಬಿಡಿಸಲು ಕಂಪ್ಯೂಟರಿಗೆ ಸಿಗುವ ಸಮಯ 11.1 ಮಿಲಿಸೆಕೆಂಡ್. 120 ಇಟ್ಟರೆ 8.3 ಮಾತ್ರ. 80ಕ್ಕೆ 12.5, 72ಕ್ಕೆ 13.9. ಈ ಸಮಯ ಕುಂಬಳೆಯಿಂದ ಬದಿಯಡ್ಕಕ್ಕೆ ಹೊರಡುವ ಬಸ್ಸಿನ ಹಾಗೆ. ಬಸ್ಸು ಹೊರಟ ಮೇಲೆ ನೀವು ಅರ್ಧ ನಿಮಿಷ ತಡವಾಗಿ ಬಂದರೂ ಐದು ನಿಮಿಷ ತಡವಾಗಿ ಬಂದರೂ ಒಂದೇ, ಮುಂದಿನ ಬಸ್ಸಿಗೇ ಕಾಯಬೇಕು. ಚಿತ್ರವೂ ಹಾಗೆಯೇ. 11.1 ಮಿಲಿಸೆಕೆಂಡಿನೊಳಗೆ ಮುಗಿಯಬೇಕಾದದ್ದು 13ಕ್ಕೆ ಮುಗಿದರೆ ಹೆಡ್‌ಸೆಟ್ ಅದನ್ನು ಮುಂದಿನ ಸರದಿಯಲ್ಲಷ್ಟೇ ತೋರಿಸುತ್ತದೆ.

ಆ ಖಾಲಿ ಸರದಿಯಲ್ಲಿ ಏನು ತೋರಿಸುವುದು? ಹಳೆಯ ಚಿತ್ರವನ್ನೇ ತೆಗೆದು, ನಿಮ್ಮ ತಲೆ ಈಗ ಎಲ್ಲಿದೆ ನೋಡಿ, ಅಷ್ಟಕ್ಕೆ ಸರಿಸಿ ತೋರಿಸುತ್ತದೆ. ಇದಕ್ಕೆ ರೀಪ್ರೊಜೆಕ್ಷನ್ ಅನ್ನುತ್ತಾರೆ. ತಡ ಆಗುತ್ತಲೇ ಇದ್ದರೆ ಸಾಫ್ಟ್‌ವೇರ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ಆಟವನ್ನು ಅರ್ಧ ವೇಗಕ್ಕೆ ಇಳಿಸಿ, ಅಂದರೆ 90 ಇದ್ದದ್ದನ್ನು 45 ಮಾಡಿ, ನಡುವಿನ ಚಿತ್ರಗಳನ್ನು ಊಹೆಯಿಂದ ತಾನೇ ತುಂಬುತ್ತದೆ. ಹೆಡ್‌ಸೆಟ್ ಕಂಪನಿ ಆಕ್ಯುಲಸ್ ಕಡೆಯಿಂದ 2016ರಲ್ಲಿ ಬಂದ ಇಂಥ ತಂತ್ರದ ಹೆಸರು ಅಸಿಂಕ್ರೋನಸ್ ಸ್ಪೇಸ್‌ವಾರ್ಪ್. ವಾಲ್ವ್ ಕಂಪನಿ 2018ರಲ್ಲಿ ತಂದದ್ದು ಮೋಷನ್ ಸ್ಮೂದಿಂಗ್. ಎರಡೂ ಒಳ್ಳೆಯ ತಂತ್ರಗಳೇ, ಎಷ್ಟೋ ಸಲ ಕೈ ಹಿಡಿಯುತ್ತವೆ. ಆದರೆ ಊಹೆ ಊಹೆಯೇ. ರೇಸಿನಲ್ಲಿ ಸ್ಟಿಯರಿಂಗಿನ ಅಂಚು ನೀರಿನಲ್ಲಿ ಕಂಡ ಹಾಗೆ ಅಲುಗುವುದು, ಪಕ್ಕದಲ್ಲಿ ಹಾದುಹೋಗುವ ಕಂಬ ಎರಡೆರಡಾಗಿ ಕಾಣುವುದು ಇದರ ಗುರುತು.

ನಮ್ಮ ಹುಡುಗನಿಗೆ ಕಾಣುತ್ತಿದ್ದದ್ದೂ ಇದೇ. ಕಂಪ್ಯೂಟರಿನಲ್ಲಿ ವಿಆರ್ ಆಟ ಓಡಿಸುವ ವಾಲ್ವ್‌ನ ಸಾಫ್ಟ್‌ವೇರ್ ಸ್ಟೀಮ್‌ವಿಆರ್‌ನಲ್ಲಿ, ಒಂದೊಂದು ಚಿತ್ರಕ್ಕೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅಂತ ತೋರಿಸುವ ಫ್ರೇಮ್ ಟೈಮಿಂಗ್ ಗ್ರಾಫ್ ಇದೆ, ಅದನ್ನು ತೆರೆದೆವು. ಜಿಪಿಯು (ಚಿತ್ರ ಬಿಡಿಸುವ ಗ್ರಾಫಿಕ್ಸ್ ಚಿಪ್) ಗೆರೆ 13ರ ಆಸುಪಾಸಿನಲ್ಲಿ ಓಡುತ್ತಿತ್ತು. ಹೆಡ್‌ಸೆಟ್ 90ರಲ್ಲಿತ್ತು. ಬರೀ 2 ಮಿಲಿಸೆಕೆಂಡ್ ತಡ, ಅಷ್ಟಕ್ಕೇ ಆಟ 45ಕ್ಕೆ ಕುಸಿದು ಕೂತಿತ್ತು. ನಾನು ಹೆಡ್‌ಸೆಟ್ಟನ್ನು 72 ಹರ್ಟ್ಝ್‌ಗೆ ಇಳಿಸಲು ಹೇಳಿದೆ. "ಇನ್ನೂ ಕಡಿಮೆ ಮಾಡುವುದಾ?" ಅಂತ ಅವನಿಗೆ ಅನುಮಾನ. ಮಾಡಿದ. 13.9 ಮಿಲಿಸೆಕೆಂಡ್ ಸಿಕ್ಕಿತು, 13ರ ಕೆಲಸ ಅದರೊಳಗೆ ಹಿಡಿಯಿತು, ಆಟ ಪೂರ್ತಿ 72ರಲ್ಲಿ ಓಡತೊಡಗಿತು. 90 ಇಟ್ಟಾಗ 45 ಸಿಗುತ್ತಿತ್ತು, 72 ಇಟ್ಟರೆ 72 ಸಿಗುತ್ತದೆ. ವಿಆರ್ ಸರಿಮಾಡಲು ಹೊರಟವರು ತಲೆಯಲ್ಲಿ ಇಟ್ಟುಕೊಳ್ಳಬೇಕಾದ್ದು ಇದೊಂದನ್ನೇ ಅಂತ ನನಗನ್ನಿಸುತ್ತದೆ. ದೊಡ್ಡ ಸಂಖ್ಯೆ ಬೇಡ, ತಪ್ಪದೆ ಬರುವ ಸಂಖ್ಯೆ ಬೇಕು.

ಅಳೆಯುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಇಲ್ಲೇ ದಾರಿ ತಪ್ಪುತ್ತಾರೆ. ಸ್ಟೀಮ್‌ವಿಆರ್ ಬಳಸುವವರಿಗೆ ಅದರದೇ ಗ್ರಾಫ್ ಸಾಕು. ದುಡ್ಡು ಕೊಟ್ಟು ಕೊಳ್ಳಬಹುದಾದ ಎಫ್‌ಪಿಎಸ್‌ವಿಆರ್ ಅನ್ನುವ ಸಣ್ಣ ಸಾಫ್ಟ್‌ವೇರ್ ಕೂಡ ಇದೆ, ಅದು ಆಟ ಆಡುತ್ತಿರುವಾಗಲೇ ಕಣ್ಣೆದುರು ಸಂಖ್ಯೆ ತೋರಿಸುತ್ತದೆ. ಕ್ವೆಸ್ಟ್ ಹೆಡ್‌ಸೆಟ್ಟನ್ನು ಲಿಂಕ್ ಕೇಬಲ್ಲಿನಲ್ಲಿ ಜೋಡಿಸಿ ಆಡುವವರಿಗೆ ಆಕ್ಯುಲಸ್ ಡೀಬಗ್ ಟೂಲ್‌ನಲ್ಲಿ ಇಂಥದ್ದೇ ಸಿಗುತ್ತದೆ. ವೈಫೈಯಲ್ಲಿ ಹೆಡ್‌ಸೆಟ್ಟಿಗೆ ಆಟ ಕಳಿಸುವ ವರ್ಚುವಲ್ ಡೆಸ್ಕ್‌ಟಾಪ್ ಬಳಸುವವರಿಗೆ ಇನ್ನೂ ಅನುಕೂಲ, ಅದರ ಪರ್ಫಾರ್ಮೆನ್ಸ್ ಪಟ್ಟಿ ತಡವನ್ನು ಆಟ, ಎನ್‌ಕೋಡಿಂಗ್ (ಕಳಿಸಲು ಚಿತ್ರ ಕುಗ್ಗಿಸುವುದು), ನೆಟ್‌ವರ್ಕ್, ಡೀಕೋಡಿಂಗ್ (ಅದನ್ನು ಮತ್ತೆ ಬಿಚ್ಚುವುದು) ಅಂತ ಬೇರೆಬೇರೆಯಾಗಿ ತೋರಿಸುತ್ತದೆ. ಯಾವುದಾದರೂ ಒಂದು ಸಾಕು. ಅಳೆಯುವಾಗ ಪ್ರತಿ ಸಲವೂ ಅದೇ ಟ್ರ್ಯಾಕ್, ಅದೇ ತಿರುವು, ಎರಡೆರಡು ನಿಮಿಷ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ, ನಾಳೆ ಮತ್ತೆ ಕೆಟ್ಟಾಗ ಮೊದಲಿನಿಂದ ಶುರುಮಾಡಬೇಕು.

ಗ್ರಾಫ್ ಇಲ್ಲದೆಯೂ ಒಂದು ಪರೀಕ್ಷೆ ಮಾಡಬಹುದು. ರೆಸಲ್ಯೂಶನ್ನನ್ನು, ಅಂದರೆ ಚಿತ್ರದಲ್ಲಿರುವ ಪಿಕ್ಸೆಲ್ ಚುಕ್ಕೆಗಳ ಸಂಖ್ಯೆಯನ್ನು, ಅರ್ಧಕ್ಕೆ ಇಳಿಸಿ ನೋಡಿ. ಆಟ ಸಲೀಸಾಗಿ ಓಡಿತು ಅಂದರೆ ಕಷ್ಟಪಡುತ್ತಿದ್ದದ್ದು ಜಿಪಿಯು. ಏನೂ ಬದಲಾಗಲಿಲ್ಲ ಅಂದರೆ ಹೆಚ್ಚಾಗಿ ಸಿಪಿಯು. ಏನು ಬಿಡಿಸಬೇಕು, ಎಲ್ಲಿ ಬಿಡಿಸಬೇಕು ಅಂತ ಹೇಳುವುದು ಸಿಪಿಯು. ಬಿಡಿಸುವುದು ಜಿಪಿಯು. ಹೇಳುವವನೇ ತಡಮಾಡಿದರೆ ಬಿಡಿಸುವವನು ಎಷ್ಟು ಚುರುಕಾಗಿದ್ದು ಏನು ಪ್ರಯೋಜನ, ಅಲ್ವಾ?

ಜಿಪಿಯು ಮೇಲಿನ ಹೊರೆ ನಿಜವಾಗಿ ಎಷ್ಟು ಅಂತ ಒಂದು ಉದಾಹರಣೆ ನೋಡಿ. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್. ವಾಲ್ವ್ ಇಂಡೆಕ್ಸ್ ಹೆಡ್‌ಸೆಟ್ಟಿನ ಪರದೆ ಒಂದು ಕಣ್ಣಿಗೆ 1440 x 1600. ಆದರೆ ಸ್ಟೀಮ್‌ವಿಆರ್‌ನಲ್ಲಿ 100 ಪರ್ಸೆಂಟ್ ಅಂತ ಇಟ್ಟಾಗ ಕಂಪ್ಯೂಟರ್ ಬಿಡಿಸುವುದು 2016 x 2240. ಜಾಸ್ತಿ ಯಾಕೆ? ಲೆನ್ಸು ಚಿತ್ರವನ್ನು ಬಗ್ಗಿಸುತ್ತದೆ, ಅದು ಕಣ್ಣಿಗೆ ನೇರವಾಗಿ ಕಾಣಲು ಸಾಫ್ಟ್‌ವೇರ್ ಮೊದಲೇ ಉಲ್ಟಾ ಬಗ್ಗಿಸಿಡುತ್ತದೆ. ಹಾಗೆ ಬಗ್ಗಿಸುವಾಗ ನಡುಭಾಗ ಹಿಗ್ಗಿ ಮಸುಕಾಗುತ್ತದೆ, ಅದನ್ನು ಸರಿದೂಗಿಸಲು ಮೊದಲೇ ದೊಡ್ಡದಾಗಿ ಬಿಡಿಸಬೇಕು. ಎರಡು ಕಣ್ಣಿಗೆ ಸೇರಿ 90 ಲಕ್ಷ ಪಿಕ್ಸೆಲ್, ಸೆಕೆಂಡಿಗೆ 90 ಸಲ. ಅಂದರೆ 81 ಕೋಟಿ. ಫುಲ್ ಎಚ್‌ಡಿಯಲ್ಲಿ 60 ಎಫ್‌ಪಿಎಸ್‌ಗೆ ಬೇಕಾದ್ದು 12.4 ಕೋಟಿ ಮಾತ್ರ. ಆರು ಪಟ್ಟಿಗಿಂತ ಹೆಚ್ಚು ಕೆಲಸ! "ಮಾನಿಟರಿನಲ್ಲಿ ಇದೇ ಆಟ ಅಲ್ಟ್ರಾದಲ್ಲಿ ಓಡುತ್ತದೆ" ಅನ್ನುವ ಮಾತಿಗೆ ವಿಆರ್‌ನಲ್ಲಿ ಅರ್ಥವಿಲ್ಲ.

ಇಲ್ಲಿ ಒಂದು ಗುಂಡಿ ಇದೆ, ಎಷ್ಟೋ ಜನ ಬೀಳುತ್ತಾರೆ. ರೆಸಲ್ಯೂಶನ್ ಬದಲಿಸುವ ಜಾಗ ಒಂದಲ್ಲ. ಹೆಡ್‌ಸೆಟ್ಟಿನ ಆ್ಯಪ್‌ನಲ್ಲಿ ಒಂದು, ಸ್ಟೀಮ್‌ವಿಆರ್‌ನಲ್ಲಿ ಎಲ್ಲ ಆಟಗಳಿಗೂ ಸೇರಿ ಒಂದು, ಆಯಾ ಆಟಕ್ಕೆ ಅಂತ ಇನ್ನೊಂದು, ಆಮೇಲೆ ಆಟದ ಒಳಗೆ ಮತ್ತೊಂದು. ಸ್ಟೀಮ್‌ವಿಆರ್‌ನ ಎರಡೂ ಒಂದರ ಮೇಲೊಂದು ಗುಣಿಸಿಕೊಳ್ಳುತ್ತವೆ. ಎರಡರಲ್ಲೂ 150 ಇಟ್ಟರೆ 150 ಆಗುವುದಿಲ್ಲ, 225 ಆಗುತ್ತದೆ. ಎಲ್ಲ ಕಡೆಯೂ ಸಹಜ ಮಟ್ಟಕ್ಕೆ ತಂದು, ಒಂದೇ ಜಾಗದಲ್ಲಿ ಹೆಚ್ಚು ಕಡಿಮೆ ಮಾಡಿ. ಸ್ಟೀಮ್‌ವಿಆರ್ ಪರ್ಸೆಂಟ್ ಒಟ್ಟು ಪಿಕ್ಸೆಲ್ ಲೆಕ್ಕ, ಹಾಗಾಗಿ 100ರಿಂದ 80ಕ್ಕೆ ಇಳಿಸಿದರೆ ಕೆಲಸ ಐದನೇ ಒಂದು ಭಾಗ ಇಳಿಯುತ್ತದೆ, ಕಣ್ಣಿಗೆ ಮಾತ್ರ ಅಷ್ಟೊಂದು ವ್ಯತ್ಯಾಸ ಗೊತ್ತಾಗುವುದಿಲ್ಲ.

ಆಮೇಲೆ ಆಟದ ಒಳಗಿನ ಸೆಟ್ಟಿಂಗ್. ನೆರಳು ಮೊದಲು ಇಳಿಸಿ. ಪ್ರತಿಫಲನ, ಮಂಜು, ಬೆಳಕಿನ ಕಿರಣಗಳು ಆಮೇಲೆ. ರೇಸ್ ಆಟಗಳಲ್ಲಿ ಹಿಂದೆ ನೋಡುವ ಕನ್ನಡಿ ಬಹಳ ಭಾರ, ಯಾಕೆಂದರೆ ಅದಕ್ಕಾಗಿ ಇಡೀ ದೃಶ್ಯವನ್ನು ಹಿಂದಿನಿಂದ ಇನ್ನೊಮ್ಮೆ ಬಿಡಿಸಬೇಕು. ಕನ್ನಡಿಯ ಗುಣಮಟ್ಟ ಇಳಿಸಿದರೆ ಆಟಕ್ಕೆ ಏನೂ ನಷ್ಟವಿಲ್ಲ. ಟೆಕ್ಸ್ಚರ್ (ವಸ್ತುಗಳ ಮೈಮೇಲೆ ಅಂಟಿಸುವ ಚಿತ್ರ) ಲೆಕ್ಕ ಬೇರೆ. ಗ್ರಾಫಿಕ್ಸ್ ಮೆಮೊರಿಯಲ್ಲಿ ಜಾಗ ಇರುವವರೆಗೆ ಅದರಿಂದ ತೊಂದರೆ ಕಡಿಮೆ. ಮೆಮೊರಿ ತುಂಬಿದರೆ ಮಾತ್ರ ಆಟ ಇದ್ದಕ್ಕಿದ್ದ ಹಾಗೆ ಗಕ್ಕನೆ ನಿಂತು ನಿಂತು ಹೋಗುತ್ತದೆ. ಸರಾಸರಿ ಚೆನ್ನಾಗಿದ್ದು ನಡುನಡುವೆ ದೊಡ್ಡ ಜರ್ಕ್ ಬರುತ್ತಿದ್ದರೆ ಮೊದಲು ಅಲ್ಲೇ ನೋಡಿ.

ಸಿಪಿಯು ತಡವಾಗುತ್ತಿದ್ದರೆ ಇದ್ಯಾವುದೂ ಸಹಾಯಕ್ಕೆ ಬರುವುದಿಲ್ಲ. ಆಗ ಎದುರಾಳಿ ಕಾರುಗಳ ಸಂಖ್ಯೆ, ಎಷ್ಟು ದೂರದವರೆಗೆ ವಸ್ತುಗಳು ಕಾಣಬೇಕು ಅನ್ನುವುದು, ಜನಸಂದಣಿ ಇವನ್ನು ಇಳಿಸಬೇಕು. ವಿಮಾನ ಹಾರಿಸುವ ಆಟಗಳಲ್ಲಿ ಈ ತೊಂದರೆ ಜಾಸ್ತಿ. ಟಾಸ್ಕ್ ಮ್ಯಾನೇಜರ್ ಸಿಪಿಯು ಬಳಕೆ 30 ಪರ್ಸೆಂಟ್ ಅಂತ ತೋರಿಸುತ್ತಿದೆ, ಹಾಗಾಗಿ ಅದು ಆರಾಮಾಗಿದೆ ಅಂದುಕೊಳ್ಳಬೇಡಿ. ಎಷ್ಟೋ ಆಟಗಳ ಮುಖ್ಯ ಕೆಲಸ ಒಂದೇ ಕೋರಿನ ಮೇಲೆ ಬೀಳುತ್ತದೆ. ಆ ಒಂದು ಕೋರ್ ಉಸಿರುಗಟ್ಟಿ ದುಡಿಯುತ್ತಿರುವಾಗ ಉಳಿದವು ಸುಮ್ನೆ ಕೂತಿರುತ್ತವೆ, ಸರಾಸರಿ ತೆಗೆದರೆ 30. ರ‍್ಯಾಮ್ ಒಂದೇ ಕಡ್ಡಿಯಲ್ಲಿದ್ದರೆ ಅದನ್ನು ಎರಡು ಮಾಡಿದರೆ ಇಂಥ ಕಡೆ ಲಾಭ ಉಂಟು. ಬ್ರೌಸರ್ ಮುಚ್ಚಿ, ಪರದೆ ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ನಿಲ್ಲಿಸಿ, ವಿಂಡೋಸ್ ಅಪ್‌ಡೇಟ್ ಹಿಂದೆ ಇಳಿಯುತ್ತಿದೆಯಾ ನೋಡಿ.

ಲ್ಯಾಪ್‌ಟಾಪಿನವರಿಗೆ ಬೇರೆಯೇ ಎರಡು ಮೂರು ಮಾತು ಇದೆ. ಹೆಚ್ಚಿನ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಎರಡಿರುತ್ತದೆ, ಪ್ರೊಸೆಸರಿನ ಜೊತೆ ಬಂದ ಸಣ್ಣದು ಮತ್ತು ಬೇರೆಯಾಗಿ ಕೂರಿಸಿದ ದೊಡ್ಡದು. ಆಟ ಸಣ್ಣದರಲ್ಲಿ ಓಡುತ್ತಿದ್ದರೆ ಏನು ಮಾಡಿದರೂ ಸರಿಹೋಗುವುದಿಲ್ಲ. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಗ್ರಾಫಿಕ್ಸ್ ಅನ್ನುವ ಜಾಗಕ್ಕೆ ಹೋಗಿ ಆಟಕ್ಕೂ ವಿಆರ್ ಸಾಫ್ಟ್‌ವೇರಿಗೂ ಹೈ ಪರ್ಫಾರ್ಮೆನ್ಸ್ ಆರಿಸಿ. ಎರಡನೆಯದು ಚಾರ್ಜರ್. ಬ್ಯಾಟರಿಯಲ್ಲಿ ಓಡುವಾಗ ಗ್ರಾಫಿಕ್ಸಿಗೆ ಸಿಗುವ ವಿದ್ಯುತ್ತು ಬಹಳ ಕಡಿಮೆ, ಆಟ ಕೂಡಲೇ ಕುಸಿಯುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗಿ ಬರುತ್ತಿರುತ್ತದೆ. ಲೈಟು ಫ್ಯಾನು ಇನ್ವರ್ಟರಿನಲ್ಲಿ ಉರಿಯುತ್ತಿರುವಾಗ ಲ್ಯಾಪ್‌ಟಾಪಿನ ಪ್ಲಗ್ ಮಾತ್ರ ಇನ್ವರ್ಟರ್ ಲೈನಿನಲ್ಲಿ ಇರುವುದಿಲ್ಲ, ಹೆಡ್‌ಸೆಟ್ ಹಾಕಿಕೊಂಡವನಿಗೆ ಕರೆಂಟು ಹೋದದ್ದು ತಿಳಿಯುವುದೂ ಇಲ್ಲ. ಅವನಿಗೆ ತಿಳಿಯುವುದು ಆಟ ಇದ್ದಕ್ಕಿದ್ದಂತೆ ತಡವರಿಸಿದ್ದು ಮಾತ್ರ.

ಮೂರನೆಯದು ಬಿಸಿ, ಇದು ಎಲ್ಲಕ್ಕಿಂತ ಮುಖ್ಯ. 72ಕ್ಕೆ ಇಳಿಸಿ ಖುಷಿಯಾಗಿ ಆಡುತ್ತಿದ್ದ ಹುಡುಗ ಇಪ್ಪತ್ತು ನಿಮಿಷದ ಮೇಲೆ "ಮತ್ತೆ ಶುರುವಾಯಿತು" ಅಂದ. ಗ್ರಾಫ್ ನೋಡಿದರೆ ಜಿಪಿಯು 13ರಿಂದ 15ಕ್ಕೆ ಏರಿದೆ. ಆಟವೂ ಅದೇ, ಟ್ರ್ಯಾಕೂ ಅದೇ. ಲ್ಯಾಪ್‌ಟಾಪ್ ಮಂಚದ ಮೇಲೆ, ಹೊದಿಕೆಯ ಮೇಲೆ ಕೂತಿತ್ತು. ಕೆಳಗಿನ ಗಾಳಿಯ ಕಿಂಡಿ ಬಟ್ಟೆಗೆ ಒತ್ತಿಕೊಂಡು ಪೂರ್ತಿ ಮುಚ್ಚಿತ್ತು. ಕೈಯಿಟ್ಟರೆ ಸುಡುತ್ತಿತ್ತು. ಚಿಪ್ ಬಿಸಿಯಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ, ಅದಕ್ಕೇ ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಕೆಡುವುದು. ಮೇಜಿನ ಮೇಲೆ ಇಟ್ಟು ಹಿಂದಿನ ಅಂಚಿಗೆ ಎರಡು ಮರದ ತುಂಡು ಕೊಟ್ಟೆವು. ಪಿನ್ನಿನಲ್ಲಿ ಕಿಂಡಿಯ ಬಾಯಿಗೆ ಅಂಟಿದ್ದ ಧೂಳು ಎಳೆದರೆ ಹತ್ತಿಯ ಹಾಗೆ ಉದ್ದಕ್ಕೆ ಬಂತು. ಅರ್ಧ ಗಂಟೆ ಬಿಟ್ಟು ಆಡಿದಾಗ ಗೆರೆ ಮತ್ತೆ 13ರಲ್ಲೇ ನಿಂತಿತು. ಏಪ್ರಿಲ್ ಮೇ ತಿಂಗಳ ಸೆಖೆಯಲ್ಲಿ ಕೋಣೆಯೇ ಬಿಸಿಯಾಗಿರುವಾಗ ಇದು ಇನ್ನೂ ಜಾಸ್ತಿ ಕಾಡುತ್ತದೆ. 13.9ರ ಸಮಯದಲ್ಲಿ 13 ಅಂದರೆ ತೀರಾ ಅಂಚು, ಹಾಗಾಗಿ ರೆಸಲ್ಯೂಶನ್ 100ರಿಂದ 85ಕ್ಕೆ ಇಳಿಸಿ ಸ್ವಲ್ಪ ಉಸಿರಾಡಲು ಜಾಗ ಬಿಟ್ಟೆವು.

ಇಷ್ಟೆಲ್ಲ ಆದ ಮೇಲೂ ಅವನು ಚಾವಡಿಗೆ ಹೋಗಿ ಆಡಿದರೆ ಚಿತ್ರ ಒಡೆಯುತ್ತಿತ್ತು. ಈ ಸಲ ಗ್ರಾಫಿನಲ್ಲಿ ಏನೂ ತಪ್ಪಿಲ್ಲ. ಅದು ವೈಫೈ ತೊಂದರೆ. ನೋಡಲು ಎರಡೂ ತಡವರಿಸಿದ ಹಾಗೇ ಕಾಣುತ್ತವೆ, ಆದರೆ ಗುರುತು ಬೇರೆ. ವೈಫೈ ಸೋತಾಗ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಬಣ್ಣ ಕಲಸುತ್ತದೆ, ತಲೆ ತಿರುಗಿಸಿದಾಗ ಅಂಚಿನಲ್ಲಿ ಕಪ್ಪು ಪಟ್ಟಿ ಇಣುಕುತ್ತದೆ. ಗ್ರಾಫಿಕ್ಸ್ ಸೋತಾಗ ಚಿತ್ರ ಚೊಕ್ಕವಾಗಿಯೇ ಇದ್ದು ಚಲನೆ ಮಾತ್ರ ಕುಂಟುತ್ತದೆ. ನಮ್ಮ ಹಳೆಯ ಮನೆಗಳ ಮುರಕಲ್ಲಿನ ಗೋಡೆ ದಪ್ಪ. 5 ಗಿಗಾಹರ್ಟ್ಝ್ ವೈಫೈ ಅಂಥ ಗೋಡೆ ದಾಟುವಷ್ಟರಲ್ಲಿ ಸೊರಗಿಹೋಗುತ್ತದೆ. 2.4ಕ್ಕೆ ಬದಲಿಸಿದರೆ ದೂರ ಹೋಗುತ್ತದೆ ನಿಜ, ಆದರೆ ವಿಆರ್ ವಿಡಿಯೊಗೆ ಬೇಕಾದ ವೇಗ ಅದರಲ್ಲಿ ಸಿಗುವುದಿಲ್ಲ. ಆಡುವ ಕೋಣೆಯಲ್ಲೇ ರೂಟರ್ ಇರಬೇಕು, ಕಂಪ್ಯೂಟರ್ ರೂಟರಿಗೆ ವಯರಿನಲ್ಲಿ ಸೇರಿರಬೇಕು. ಕಂಪ್ಯೂಟರೂ ವೈಫೈ, ಹೆಡ್‌ಸೆಟ್ಟೂ ವೈಫೈ ಅಂದರೆ ಒಂದೇ ಗಾಳಿಯಲ್ಲಿ ಅದೇ ವಿಡಿಯೊ ಎರಡು ಸಲ ಹೋಗಬೇಕಾಗುತ್ತದೆ.

"ನಮ್ಮದು 100 ಎಂಬಿಪಿಎಸ್ ಪ್ಲಾನ್, ಸಾಕಾಗುವುದಿಲ್ಲವಾ?" ಅಂತ ಹುಡುಗ ಕೇಳಿದ. ಪ್ಲಾನಿಗೂ ಇದಕ್ಕೂ ಸಂಬಂಧವೇ ಇಲ್ಲ. ವಿಡಿಯೊ ಹೋಗುವುದು ನಿಮ್ಮ ಕಂಪ್ಯೂಟರಿನಿಂದ ರೂಟರಿಗೆ, ಅಲ್ಲಿಂದ ಹೆಡ್‌ಸೆಟ್ಟಿಗೆ. ಮನೆ ದಾಟುವುದೇ ಇಲ್ಲ, ಇಂಟರ್ನೆಟ್ ನಿಂತರೂ ಈ ದಾರಿ ತೆರೆದೇ ಇರುತ್ತದೆ. ನೋಡಬೇಕಾದ್ದು ರೂಟರಿನ ಲ್ಯಾನ್ ಪೋರ್ಟು, ಅಂದರೆ ಕಂಪ್ಯೂಟರಿನ ವಯರು ಸಿಕ್ಕಿಸುವ ಜಾಗ. ಕಡಿಮೆ ಬೆಲೆಯ ಕೆಲವು ರೂಟರುಗಳಲ್ಲಿ ಪೋರ್ಟಿನ ಮಿತಿಯೇ 100 ಎಂಬಿಪಿಎಸ್. ಸ್ಟ್ರೀಮಿಂಗ್ ಬಿಟ್‌ರೇಟ್ (ಹೆಡ್‌ಸೆಟ್ಟಿಗೆ ವಿಡಿಯೊ ಕಳಿಸುವ ವೇಗ) 150 ಎಂಬಿಪಿಎಸ್ ಇಟ್ಟರೆ ಅದು ಆ ಪೋರ್ಟಿನಲ್ಲಿ ಹಿಡಿಯುವುದಿಲ್ಲ. ವಿಂಡೋಸಿನ ನೆಟ್‌ವರ್ಕ್ ವಿವರದಲ್ಲಿ ಲಿಂಕ್ ಸ್ಪೀಡ್ 100 ಅಂತಿದೆಯಾ 1000 ಅಂತಿದೆಯಾ ನೋಡಿ. 100 ಇದ್ದರೆ ಬಿಟ್‌ರೇಟ್ ಅದಕ್ಕಿಂತ ಸಾಕಷ್ಟು ಕೆಳಗಿಡಿ. ಅಥವಾ ಯುಎಸ್‌ಬಿ ಕೇಬಲ್ಲಿನಲ್ಲಿ ಜೋಡಿಸಿ ಅರ್ಧ ಗಂಟೆ ಆಡಿ: ಕೇಬಲ್ಲಿನಲ್ಲಿ ಎಲ್ಲ ಸರಿಯಿದ್ದರೆ ತಪ್ಪು ವೈಫೈಯದೇ.

ಫ್ರೇಮಿಗೆ ಸಂಬಂಧವೇ ಇಲ್ಲದ ಇನ್ನೊಂದು ತೊಂದರೆಯನ್ನೂ ಹೇಳಿಬಿಡುತ್ತೇನೆ. ಲೋಕವೆಲ್ಲ ನೆಟ್ಟಗಿದ್ದು ಕೈ ಮಾತ್ರ ನಡುಗುತ್ತಿದ್ದರೆ, ಅಥವಾ ನೆಲವೇ ಜಾರಿದ ಹಾಗಾದರೆ, ಅದು ಟ್ರ್ಯಾಕಿಂಗ್. ಹೆಡ್‌ಸೆಟ್ಟಿನ ಕ್ಯಾಮೆರಾಗಳು ಕೋಣೆಯ ಗುರುತುಗಳನ್ನು ನೋಡಿ ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತವೆ. ಮಬ್ಬು ಬೆಳಕು, ಏನೂ ಇಲ್ಲದ ಬಿಳಿ ಗೋಡೆ ಇದ್ದರೆ ಅವಕ್ಕೆ ಹಿಡಿ ಸಿಗುವುದಿಲ್ಲ. ಬೆಳಕು ಬೇಕು ಅಂತ ಅಂಗಳಕ್ಕೆ ಮಾತ್ರ ಹೋಗಬೇಡಿ, ಜಗಲಿಯ ಬಿಸಿಲಿನಲ್ಲಿ ಹೆಡ್‌ಸೆಟ್ಟನ್ನು ಮಗುಚಿ ಇಡಲೇಬೇಡಿ. ಲೆನ್ಸು ಭೂತಗನ್ನಡಿಯ ಹಾಗೆ ಬಿಸಿಲನ್ನು ಒಂದು ಬಿಂದುವಿಗೆ ತಂದು ಒಳಗಿನ ಪರದೆಯನ್ನು ಸುಟ್ಟುಬಿಡುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ.

ಹಾಗಾದರೆ ಹೊಸ ಲ್ಯಾಪ್‌ಟಾಪ್ ಅಥವಾ ಕಾರ್ಡ್ ನಿಜವಾಗಿ ಬೇಕಾಗುವುದು ಯಾವಾಗ? ಹೆಡ್‌ಸೆಟ್ 72ಕ್ಕೆ ಇಳಿಸಿ, ರೆಸಲ್ಯೂಶನ್ 70 ಪರ್ಸೆಂಟಿಗೆ ತಂದು, ನೆರಳು ಕನ್ನಡಿ ಎಲ್ಲ ಕಡಿಮೆ ಮಾಡಿ, ಯಂತ್ರ ತಣ್ಣಗಿರುವಾಗ ಅಳೆದರೂ ಜಿಪಿಯು 13.9ಕ್ಕಿಂತ ಮೇಲೇ ಇದ್ದರೆ, ಆಗ ಆ ಆಟಕ್ಕೆ ಅದು ಸಾಲದು. ಅಷ್ಟು ಹೊತ್ತಿಗೆ ನಿಮ್ಮ ಕೈಯಲ್ಲಿ ಒಂದು ಸಂಖ್ಯೆ ಇರುತ್ತದೆ, ಅಂಗಡಿಯಲ್ಲಿ ಎಷ್ಟು ದೊಡ್ಡದು ಕೇಳಬೇಕು ಅನ್ನುವುದೂ ಗೊತ್ತಿರುತ್ತದೆ. ನಮ್ಮ ಹುಡುಗನಿಗೆ ಅದರ ಅಗತ್ಯ ಬೀಳಲಿಲ್ಲ. ಬದಿಯಡ್ಕ ಪೇಟೆಯಿಂದ ಹತ್ತು ಮೀಟರ್ ಲ್ಯಾನ್ ವಯರ್ ತಂದು, ರೂಟರನ್ನು ಅವನ ಕೋಣೆಗೆ ಸಾಗಿಸಿ, ಹೆಡ್‌ಸೆಟ್ 72ರಲ್ಲೇ ಬಿಟ್ಟಿದ್ದಾನೆ. ಮೊನ್ನೆ ಫೋನ್ ಮಾಡಿದಾಗ ಒಂದು ಗಂಟೆ ಆಡಿದರೂ ತಲೆ ತಿರುಗಲಿಲ್ಲ ಅಂದ.